ಬ್ಯಾಗು ಯಾರು ಹೊರುತ್ತಾರೆಂದು ನೋಡುವವರು

ನನ್ನ ಮಗಳು ಹಾಕಿಯಲ್ಲಿ ಗೋಲ್‌ಕೀಪರ್. ಇಷ್ಟು ಹೇಳಿದರೆ ಸಿಡ್ನಿಯ ನಮ್ಮ ಕನ್ನಡದವರಲ್ಲಿ ಅರ್ಧ ಜನ ಅಯ್ಯೋ ಪಾಪ ಎನ್ನುವ ಮುಖ ಮಾಡುತ್ತಾರೆ. ಇನ್ನರ್ಧ ಜನ “ಅದ್ರಿಂದ ಮುಂದೆ ಏನ್ ಸಿಗುತ್ತೆ?” ಎಂದು ನೇರವಾಗಿ ಕೇಳುತ್ತಾರೆ. ನನಗೆ ಎರಡನೆಯವರೇ ಮೇಲು. ಬರೀ ಮುಖಭಾವಕ್ಕೆ ಉತ್ತರ ಕೊಡಲು ಬರುವುದಿಲ್ಲ.

ನಾವಿರುವುದು ಕ್ವೇಕರ್ಸ್ ಹಿಲ್‌ನಲ್ಲಿ. ನಾನು ಪ್ಯಾರಮಟ್ಟಾದ ಒಂದು ಆಫೀಸಿನಲ್ಲಿ ಸಾಫ್ಟ್‌ವೇರ್ ಟೆಸ್ಟರ್. ಬೇರೆಯವರು ಮಾಡಿದ್ದರಲ್ಲಿ ತಪ್ಪು ಹುಡುಕಿ ಸಂಬಳ ತೆಗೆದುಕೊಳ್ಳುತ್ತೇನೆ. ಮನೆಯಲ್ಲೂ ಅದನ್ನೇ ಮಾಡುತ್ತೀಯ ಎಂದು ನನ್ನ ಗಂಡ ಹೇಳುತ್ತಾರೆ. ಹೇಳಲಿ. ನಾನು ಓದಿದ ಮೈಸೂರಿನ ಶಾಲೆಯಲ್ಲಿ ಆಟದ ಪೀರಿಯಡ್ ಎಂದರೆ ಗಣಿತದ ಮೇಡಂ ಕಿತ್ತುಕೊಳ್ಳುವ ಪೀರಿಯಡ್. ಹಾಕಿ ಸ್ಟಿಕ್ಕನ್ನು ನಾನು ಜೀವನದಲ್ಲಿ ಮೊದಲು ಮುಟ್ಟಿದ್ದು ಮಗಳದ್ದನ್ನು ಕಾರಿನ ಡಿಕ್ಕಿಗೆ ಹಾಕುವಾಗ.

ಹದಿನೈದರ ವಯಸ್ಸಿಗೆ ಅವಳ ತಲೆಯಲ್ಲಿ ಒಂದು ಆಸೆ ಬಂದು ಕೂತಿತು. ಕ್ಲಬ್ಬಿನ ಹಿರಿಯ ಹುಡುಗಿಯೊಬ್ಬಳು ಹಾಕಿ ಆಡುವುದಕ್ಕೆಂದೇ ಅಮೆರಿಕದ ಕಾಲೇಜಿಗೆ ಹೋದಳು. ಅಲ್ಲಿನ ಕಾಲೇಜಿನ ಕೋಚ್‌ಗಳು ತಮ್ಮ ತಂಡಕ್ಕೆ ಬೇಕಾದ ಮಕ್ಕಳನ್ನು ದೇಶ ದೇಶ ಸುತ್ತಿ ಹುಡುಕಿ, ಸ್ಕಾಲರ್‌ಶಿಪ್ ಕೊಟ್ಟು ಕರೆಸಿಕೊಳ್ಳುತ್ತಾರಂತೆ. ಅಂದಿನಿಂದ ನನ್ನ ಮಗಳಿಗೆ ಬೇಕಾಗಿದ್ದು ಅದೊಂದೇ. ಹುಟ್ಟಿದ ಹಬ್ಬಕ್ಕೆ ಏನು ಬೇಕೇ ಎಂದರೆ ಏನೂ ಬೇಡ ಎನ್ನುವಳು. ದೇವರ ಮುಂದೆ ಕೈಮುಗಿಯುವಾಗ ತುಟಿ ಅಲ್ಲಾಡುತ್ತಿತ್ತು. ಏನು ಕೇಳುತ್ತಿದ್ದಾಳೆ ಎಂದು ನಾವು ವಿಚಾರಿಸಬೇಕಾಗಿರಲಿಲ್ಲ.

ನಾವು ಹೊರಟ ರೀತಿ ನೆನೆದರೆ ಈಗ ನಗು ಬರಬೇಕು. ನನ್ನ ಗಂಡ ಅಮೆರಿಕದ ಕಾಲೇಜುಗಳನ್ನೆಲ್ಲ ಒಂದು ಎಕ್ಸೆಲ್ ಶೀಟಿನಲ್ಲಿ ಹಾಕಿ, ಒಂದೊಂದಕ್ಕೂ ಬಣ್ಣ ಕೊಟ್ಟು, ಕೋಚ್‌ಗಳಿಗೆಲ್ಲ ಈಮೇಲ್ ಕಳಿಸಿದರು. ಬೆಂಗಳೂರಿನಲ್ಲಿ ತಮ್ಮ ಮೊದಲ ಕೆಲಸಕ್ಕೆ ಅರ್ಜಿ ಹಾಕಿದಂತೆಯೇ. ‘ರೆಸ್ಪೆಕ್ಟೆಡ್ ಮೇಡಂ’ ಎಂದು ಶುರು. ಮೊದಲು ಗಣಿತದ ಅಂಕ, ಆಮೇಲೆ ವಿಜ್ಞಾನದ ಅಂಕ, ಭರತನಾಟ್ಯ, ಕನ್ನಡ ಶಾಲೆಯ ಸರ್ಟಿಫಿಕೇಟು, ಕಟ್ಟಕಡೆಗೆ ಒಂದು ಸಾಲಿನಲ್ಲಿ ಹಾಕಿ. ಒಬ್ಬರೂ ಉತ್ತರ ಬರೆಯಲಿಲ್ಲ. ಕ್ಲಬ್ಬಿನ ಕೋಚ್, ಬಿಸಿಲಿಗೆ ಸುಟ್ಟ ಮೂಗಿನ ಆಸ್ಟ್ರೇಲಿಯನ್ ಮನುಷ್ಯ, ಇದನ್ನು ಕೇಳಿ ಬಿದ್ದು ಬಿದ್ದು ನಕ್ಕ. ಅಪ್ಪ ಬರೆದ ಈಮೇಲನ್ನು ಅವರು ತೆರೆಯುವುದೇ ಇಲ್ಲ, ಹುಡುಗಿಯೇ ಬರೆಯಬೇಕು ಎಂದ. ಅಷ್ಟೂ ತಿಳಿಯದ ದಡ್ಡರು ನಾವು. ಹೆಣ್ಣು ಕೊಡುವಾಗ ಹುಡುಗಿಯೇ ಜಾತಕ ಹಿಡಿದುಕೊಂಡು ಹೋದಾಳೇ ಎಂದು ನನ್ನ ಗಂಡ ಗೊಣಗಿದರು.

ಅವಳೇ ಬರೆದಳು. ಉತ್ತರಗಳು ಬಂದವು. ಎಲ್ಲರೂ ಕೇಳಿದ್ದು ಒಂದನ್ನೇ: ನೀನು ಚೆಂಡು ತಡೆಯುವ ವಿಡಿಯೋ ಕಳಿಸು.

ಇಲ್ಲೊಂದು ತೊಡಕಿತ್ತು. ಅವಳ ತಂಡ ಬಹಳ ಚೆನ್ನಾಗಿತ್ತು. ಗೋಲು ಹೊಡೆಯುವ ಹುಡುಗಿಗೆ ಒಳ್ಳೆಯ ತಂಡ ಬೇಕು. ಗೋಲು ಕಾಯುವವಳಿಗೆ ಬೇಕಾದದ್ದು ಕೆಟ್ಟ ತಂಡ. ಚೆಂಡು ಇವಳ ಹತ್ತಿರ ಬಂದರಲ್ಲವೇ ತಡೆಯುವುದು? ಪ್ರತಿ ಶನಿವಾರ ನಾನು ಮೊಬೈಲು ಹಿಡಿದು ನಿಂತು ತೆಗೆದ ವಿಡಿಯೋದಲ್ಲಿ ನನ್ನ ಮಗಳು ಹೆಲ್ಮೆಟ್ಟು, ಪ್ಯಾಡು ಎಲ್ಲ ಹಾಕಿಕೊಂಡು, ರಜೆಯ ದಿನದ ಬ್ಯಾಂಕ್ ವಾಚ್‌ಮನ್ನಿನ ಹಾಗೆ ಸುಮ್ಮನೆ ನಿಂತಿರುತ್ತಿದ್ದಳು. ನಮ್ಮದೇ ತಂಡದ ಡಿಫೆನ್ಸಿನ ಹುಡುಗಿಯರು ಎಡವಲಿ ಎಂದು ನಾನು ಬೇಲಿಯ ಈಚೆ ನಿಂತು ಹರಕೆ ಹೊರುತ್ತಿದ್ದೆ, ಪಕ್ಕದಲ್ಲಿ ಆ ಹುಡುಗಿಯರ ಅಮ್ಮಂದಿರೇ ನಿಂತಿರುವಾಗ. ಕೊನೆಗೆ ಅವಳು ಕ್ಲಬ್ಬು ಬದಲಾಯಿಸಿದಳು. ಪಟ್ಟಿಯ ತಳದಲ್ಲಿದ್ದ ತಂಡ ಸೇರಿದಳು. ಅಲ್ಲಿನ ತಂದೆತಾಯಂದಿರು ಇಂಥ ಗೋಲ್‌ಕೀಪರ್ ನಮ್ಮಲ್ಲಿಗೆ ಬಂದದ್ದು ಹೇಗೆ ಎಂದು ಕೈ ಹಿಡಿದು ಕೇಳಿದರು. ನೀವು ಸೋಲುವವರು ಅಂತಲೇ ಬಂದೆವು ಎಂದು ಹೇಳಲಾದೀತೇ? ಮನೆಗೆ ಹತ್ತಿರ ಎಂದೆ.

ಅಲ್ಲಿ ಚೆಂಡು ಮಳೆಯಂತೆ ಬಂತು. ವಿಡಿಯೋ ತುಂಬಿತು. ಅದನ್ನು ನೋಡಿ ಅಮೆರಿಕದ ಒಬ್ಬ ಕೋಚ್, ಹೆಂಗಸು, ಅವಳಿಗೆ ಬರೆದಳು: ಶಾಲೆಯ ರಜೆಯಲ್ಲಿ ಮೆಲ್ಬರ್ನಿನಲ್ಲಿ ನಡೆಯುವ ಜೂನಿಯರ್ ಟೂರ್ನಮೆಂಟಿಗೆ ಬರುತ್ತಿದ್ದೇನೆ, ನಿನ್ನನ್ನು ಕಣ್ಣಾರೆ ನೋಡುತ್ತೇನೆ, ಅಲ್ಲಿ ಮಾತಾಡುವುದಿಲ್ಲ, ನೋಡುವುದಷ್ಟೇ. ನನ್ನ ಮಗಳು ಆ ಈಮೇಲನ್ನು ಫ್ರಿಜ್ಜಿನ ಪಕ್ಕ ನಿಂತು ಓದಿದಳು. ಓದಿ, ಹಾಲಿನ ಡಬ್ಬಿ ಒಳಗಿಡುವುದನ್ನು ಮರೆತು ರೂಮಿಗೆ ಹೋದಳು.

ಮೆಲ್ಬರ್ನಿಗೆ ಹೊರಡುವ ಕೆಲವು ವಾರ ಮುಂಚೆ ಪ್ರಾಕ್ಟೀಸಿನಲ್ಲಿ ಎಡಕ್ಕೆ ಹಾರಿ ಬಿದ್ದಳು. ಬಿದ್ದದ್ದು ಭುಜದ ಮೇಲೆ. ಫಿಸಿಯೋ ಹತ್ತಿರ ನಾನೇ ಕರೆದುಕೊಂಡು ಹೋದೆ. ಆಟ ನಿಲ್ಲಿಸಿ ವಿಶ್ರಾಂತಿ ಕೊಡಬೇಕು, ಸ್ಕ್ಯಾನ್ ಮಾಡಿಸಿ, ಆಪರೇಷನ್ ಬೇಕಾದರೂ ಬೇಕಾಗಬಹುದು ಎಂದರು. ಹೊರಗೆ ಬಂದು ಕಾರಿನಲ್ಲಿ ಕೂತು ಅವಳು ಹೇಳಿದ್ದು ಇಷ್ಟೇ: “ಮೆಲ್ಬರ್ನ್ ಆಗಲಿ. ಅಪ್ಪನಿಗೂ ಹೇಳಬೇಡ.” ಅಪ್ಪನಿಗೆ ಹೇಳಿದರೆ ಅದು ಎಕ್ಸೆಲ್ ಶೀಟಿಗೆ ಹೋಗಿ, ಅಲ್ಲಿಂದ ಫ್ಯಾಮಿಲಿ ವಾಟ್ಸ್ಯಾಪ್ ಗ್ರೂಪಿಗೆ ಹೋಗಿ, ಮೈಸೂರಿನಿಂದ ನಮ್ಮತ್ತೆ ಬಿಸಿ ಉಪ್ಪಿನ ಶಾಖ ಕೊಡಿ ಎನ್ನುತ್ತಿದ್ದರು. ನಾನು ಹೇಳಲಿಲ್ಲ. ಅವಳ ಮುಖ ನೋಡಿದ ಯಾರೂ ಹೇಳುತ್ತಿರಲಿಲ್ಲ ಎಂದು ಈಗಲೂ ನಂಬಿದ್ದೇನೆ.

ಒಂದು ಮಾತು ಇಲ್ಲಿ ಹೇಳಬೇಕು. ಮಗಳಿಗೆ ಕನ್ನಡ ಅರ್ಥವಾಗುತ್ತದೆ, ಆದರೆ ಉತ್ತರವೆಲ್ಲ ಇಂಗ್ಲಿಷಿನಲ್ಲೇ. ಅವಳ ಇಂಗ್ಲಿಷನ್ನು ನಾನಿಲ್ಲಿ ಕನ್ನಡಕ್ಕೆ ತಂದು ಬರೆಯುತ್ತಿದ್ದೇನೆ. ಅವಳು ತಾನಾಗಿ ಕನ್ನಡ ಆಡುತ್ತಿದ್ದ ಜಾಗ ಒಂದೇ, ಹಾಕಿ ಮೈದಾನ. ಸುತ್ತ ಇದ್ದವರಿಗೆ ತಿಳಿಯಬಾರದ್ದನ್ನು ಹೇಳುವಾಗ ಮಾತ್ರ. “ಅಮ್ಮ, ಆ ಅಂಕಲ್ ಕೂಗೋದು ನಿಲ್ಲಿಸಲ್ವಾ?” “ಅಮ್ಮ, ಎಲ್ಲರ ಮುಂದೆ ಚಿತ್ರಾನ್ನದ ಡಬ್ಬಿ ತೆಗೀಬೇಡ.” ವಾರಕ್ಕೊಮ್ಮೆ, ಬೇಲಿಯ ಪಕ್ಕ, ಪಿಸುಮಾತಿನಲ್ಲಿ ನನ್ನ ಮಗಳು ನನ್ನ ಭಾಷೆ ಆಡುತ್ತಿದ್ದಳು. ಅದಕ್ಕೋಸ್ಕರವೇ ನಾನು ಶನಿವಾರಗಳಿಗೆ ಕಾಯುತ್ತಿದ್ದೆ.

ಗೋಲ್‌ಕೀಪರ್ ಬ್ಯಾಗು ಎಂದರೆ ಸಾಮಾನ್ಯದ್ದಲ್ಲ. ಕಾಲಿನ ಪ್ಯಾಡು, ಎದೆಯ ಕವಚ, ಹೆಲ್ಮೆಟ್ಟು, ದಪ್ಪ ಗ್ಲೌಸು ಎಲ್ಲ ಸೇರಿ ಒಂದು ಚಿಕ್ಕ ಆಳಿನಷ್ಟು ಇರುತ್ತದೆ. ಚಕ್ರವೇನೋ ಇತ್ತು, ನಾವಿಬ್ಬರೇ ಮೆಲ್ಬರ್ನಿಗೆ ಹೋದಾಗ ವಿಮಾನದಿಂದ ಇಳಿಸುವಷ್ಟರಲ್ಲಿ ಒಂದು ಕಿತ್ತುಹೋಗಿತ್ತು. ಮೊದಲ ದಿನ ಮೈದಾನದ ಗೇಟಿನ ಹತ್ತಿರ ಅವಳು ಬ್ಯಾಗಿಗೆ ಕೈ ಹಾಕಿ, ಎತ್ತಲು ಹೋಗಿ, ಹಾಗೇ ನಿಂತಳು. ಮುಖ ಬಿಳಿಚಿತು. ಸುತ್ತ ಬೇರೆ ಊರಿನ ತಂಡಗಳು, ಅವರ ಅಪ್ಪ ಅಮ್ಮಂದಿರು. ಅವಳು ನಗುತ್ತಲೇ, ತುಟಿ ಅಲ್ಲಾಡಿಸದೆ, ಕನ್ನಡದಲ್ಲಿ ಹೇಳಿದಳು: “ಅಮ್ಮ, ತುಂಬಾ ನೋಯ್ತಿದೆ. ಬ್ಯಾಗ್ ನೀನ್ ತಗೋ. ನಾರ್ಮಲ್ ಆಗಿ ತಗೋ.”

ನಾರ್ಮಲ್ ಆಗಿ ತೆಗೆದುಕೊಂಡೆ. ಹೆಗಲಿಗೆ ಏರಿಸಿಕೊಂಡು, ಪಾರ್ಕಿಂಗಿನಿಂದ ಟರ್ಫಿನ ತುದಿಯ ತನಕ, ಆ ಊರಿನ ಕೊರೆಯುವ ಗಾಳಿಯಲ್ಲಿ ನಡೆದೆ. ಅವಳು ನೀರಿನ ಬಾಟಲಿ ಹಿಡಿದು ಮುಂದೆ ನಡೆದಳು. ಟೂರ್ನಮೆಂಟಿನ ಎರಡೂ ದಿನ ಹೀಗೇ. ಮಕ್ಕಳ ಬ್ಯಾಗು ಹೊರುವುದು ನನಗೇನು ಹೊಸದೇ? ಸ್ಕೂಲ್ ಬಸ್ಸಿನ ತನಕ ನನ್ನ ಬ್ಯಾಗನ್ನು ನನ್ನಮ್ಮ ಹೊತ್ತಿದ್ದಳು. ಅದನ್ನು ಯಾರಾದರೂ ನೋಡುತ್ತಾರೆ ಎಂದು ನನಗೆ ಹೊಳೆಯಲೇ ಇಲ್ಲ.

ಆಟ ಮಾತ್ರ! ಪೆನಾಲ್ಟಿ ಕಾರ್ನರಿನಲ್ಲಿ ಬಂದ ಚೆಂಡನ್ನು ಕಾಲು ಚಾಚಿ ತಡೆದಳು, ಬಲಗೈಯಿಂದ ತಡೆದಳು, ಮುಖಕ್ಕೆ ಬಂದದ್ದನ್ನು ಹೆಲ್ಮೆಟ್ಟಿನಿಂದಲೇ ತಡೆದಳು. ಭುಜಕ್ಕೆ ಟೇಪು ಸುತ್ತಿದ್ದು ಜರ್ಸಿಯ ಒಳಗೆ ಯಾರಿಗೂ ಕಾಣಲಿಲ್ಲ. ಎದುರು ಬದಿಯಲ್ಲಿ ಮಡಚುವ ಕುರ್ಚಿ ಹಾಕಿಕೊಂಡು, ಟೋಪಿ ಹಾಕಿಕೊಂಡು ಆ ಕೋಚ್ ಒಬ್ಬಳೇ ಕೂತಿದ್ದಳು. ನನಗೆ ಸಿಟ್ಟು ಬಂದದ್ದು ಏನೆಂದರೆ ಆಕೆ ಚೆಂಡನ್ನೇ ನೋಡುತ್ತಿರಲಿಲ್ಲ. ಒಮ್ಮೆ ಬೆಂಚಿನ ಕಡೆ, ಒಮ್ಮೆ ಆಟ ಮುಗಿಸಿ ಹೋಗುವ ಮಕ್ಕಳ ಕಡೆ, ಒಮ್ಮೆ ಪಾರ್ಕಿಂಗ್ ಕಡೆ. ಅಮೆರಿಕದಿಂದ ಇಲ್ಲಿ ತನಕ ಬಂದು ಕಾರು ಎಣಿಸುತ್ತಾಳಲ್ಲ ಎಂದುಕೊಂಡೆ.

ಸಿಡ್ನಿಗೆ ವಾಪಸು ಬಂದ ಮೇಲೆ ವಿಡಿಯೋ ಕಾಲ್ ಇಟ್ಟುಕೊಂಡರು. ಬೆಳಿಗ್ಗೆ. ನನ್ನ ಗಂಡ ಆಫೀಸಿಗೆ ಹೋಗಿದ್ದರು, ನಾನು ವರ್ಕ್ ಫ್ರಮ್ ಹೋಮ್. ಡೈನಿಂಗ್ ಟೇಬಲ್ಲಿನಲ್ಲಿ ಅವಳು ಲ್ಯಾಪ್‌ಟಾಪ್ ಮುಂದೆ ಕೂತಳು. ಕ್ಯಾಮೆರಾಕ್ಕೆ ಕಾಣದ ಹಾಗೆ ನಾನು ಅಡುಗೆಮನೆಯ ಕಟ್ಟೆಗೆ ಒರಗಿ ಹುರುಳಿಕಾಯಿ ನಾರು ತೆಗೆಯುತ್ತಾ ನಿಂತೆ.

ಕೋಚ್ ಹೊಗಳಿದಳು. ನಿನ್ನ ಕಾಲು ಚುರುಕು, ಡಿಫೆನ್ಸಿನವರಿಗೆ ಕೂಗಿ ಹೇಳುವ ದನಿ ಚೆನ್ನಾಗಿದೆ, ಗೋಲು ಬಿಟ್ಟಾಗಲೂ ತಲೆ ತಗ್ಗಿಸುವುದಿಲ್ಲ ಎಂದಳು. ಆಮೇಲೆ ಒಂದು ವಿಷಯ ನನಗೆ ಹಿಡಿಸಲಿಲ್ಲ ಎಂದಳು. ಎರಡು ದಿನವೂ ನಿನ್ನ ಬ್ಯಾಗನ್ನು ನಿನ್ನ ತಾಯಿ ಹೊತ್ತರು. ನೀನು ಬಾಟಲಿ ಹಿಡಿದು ಮುಂದೆ ನಡೆದೆ. ಚೆಂಡು ತಡೆಯುವ ಹುಡುಗಿಯರು ನನಗೆ ಬೇಕಾದಷ್ಟು ಸಿಗುತ್ತಾರೆ, ನಾನು ನೋಡುವುದು ಆಟ ಇಲ್ಲದಾಗ ಏನು ಮಾಡುತ್ತಾರೆ ಎಂಬುದನ್ನು. ಇಲ್ಲಿ ನಿನ್ನ ಬ್ಯಾಗು ಹೊರಲು ಯಾರೂ ಇರುವುದಿಲ್ಲ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನ್ನ ಮಗಳ ಬಲಗೈ ಎಡ ಭುಜಕ್ಕೆ ಹೋಗಿ, ಅರ್ಧಕ್ಕೆ ನಿಂತು, ಕೂದಲು ಸರಿಮಾಡಿಕೊಂಡು ಕೆಳಗಿಳಿಯಿತು.

ನನಗೆ ಆ ಕ್ಷಣಕ್ಕೆ ಎಲ್ಲ ಅರ್ಥವಾಯಿತು. ನಿಜ ಹೇಳಿದರೆ ಭುಜದ ವಿಷಯ ಹೊರಬರುತ್ತದೆ, ಪೆಟ್ಟಾದ ಗೋಲ್‌ಕೀಪರ್ ಯಾರಿಗೂ ಬೇಡ. ಹೇಳದಿದ್ದರೆ ಅಮ್ಮನ ಕೈಲಿ ಹೊರಿಸುವ ಸೋಮಾರಿ ಎಂದಾಗುತ್ತದೆ, ಅವಳೂ ಬೇಡ. ಎರಡೂ ಕಡೆ ಬಾಗಿಲು ಹಾಕಿತ್ತು. ಹುರುಳಿಕಾಯಿ ಕೈಯಲ್ಲೇ ಉಳಿಯಿತು.

ಮಗಳು ನಕ್ಕಳು. ಬಹಳ ಚೆನ್ನಾಗಿ, ಸಹಜವಾಗಿ ನಕ್ಕಳು. “ಓ, ಅದು ನಮ್ಮಮ್ಮ! ಇಂಡಿಯನ್ ಅಮ್ಮಂದಿರು ಹಾಗೇ. ನಾನೆಷ್ಟು ಹೇಳಿದರೂ ಬಿಡುವುದಿಲ್ಲ. ನಿಜ ಹೇಳಬೇಕೆಂದರೆ ನನಗೆ ನಾಚಿಕೆಯಾಗುತ್ತದೆ. ನಮ್ಮಮ್ಮನಿಗೆ ನಾನಿನ್ನೂ ಐದು ವರ್ಷದವಳು.”

ಕೋಚ್ ಕೂಡ ನಕ್ಕಳು. ಅಮ್ಮ ಅಲ್ಲೇ ಇದ್ದಾರಾ ಎಂದು ಕೇಳಿದಳು. ನಾನು ಕೈ ಒರೆಸಿಕೊಂಡು ಬಂದು ಮಗಳ ಪಕ್ಕ ಬಗ್ಗಿ ನಿಂತೆ. ಪರದೆಯ ಮೂಲೆಯಲ್ಲಿ ನನ್ನ ಮುಖ ಕಾಣಿಸಿತು, ಒಗ್ಗರಣೆಯ ಹೊಗೆಗೆ ಮೆತ್ತಗಾದ ಕೂದಲು, ಮನೆಯ ಕುರ್ತಾ. ಅವಳು ಹೇಳಿದ ಅಮ್ಮನ ಹಾಗೆಯೇ ಕಾಣುತ್ತಿದ್ದೆ.

ಅವಳು ಅಲ್ಲಿಗೆ ಬಂದರೆ ಬ್ಯಾಗು ಬಿಟ್ಟುಕೊಡಲು ನಿಮ್ಮಿಂದಾಗುತ್ತದಾ ಎಂದು ಕೋಚ್ ತಮಾಷೆಯಾಗಿ ಕೇಳಿದಳು. ಮಗಳು ನನ್ನ ಕಡೆ ತಿರುಗಲಿಲ್ಲ. ಅವಳ ಕಿವಿ ಕೆಂಪಾಗಿದ್ದು ನನಗೆ ಹತ್ತಿರದಿಂದ ಕಾಣುತ್ತಿತ್ತು.

“ಕ್ಷಮಿಸಿ, ನಮ್ಮ ಕಡೆ ಅಭ್ಯಾಸ ಹಾಗೆ. ಕಲಿಯುತ್ತೇನೆ,” ಎಂದೆ ಇಂಗ್ಲಿಷಿನಲ್ಲಿ.

ಆ ವಾರದ ಕೊನೆಗೆ ಕೋಚ್ ಅವಳಿಗೆ ತಂಡದಲ್ಲಿ ಜಾಗ ಕೊಡುವುದಾಗಿ ಬರೆದಳು. ನನ್ನ ಗಂಡ ಸ್ವೀಟ್ ತಂದರು. ಎಕ್ಸೆಲ್ ಶೀಟಿನಲ್ಲಿ ಒಂದೇ ಸಾಲಿಗೆ ಹಸಿರು ಬಣ್ಣ ಉಳಿಯಿತು. ಎಲ್ಲರೂ ಕುಣಿದರು, ನಾನೂ ನಕ್ಕೆ. ಒಳಗೆ ಏನೂ ಆಗಲಿಲ್ಲ. ಸಿಟ್ಟು ಬರುತ್ತದೇನೋ ಎಂದು ಕಾದೆ, ಬರಲಿಲ್ಲ. ದುಃಖವೂ ಬರಲಿಲ್ಲ. ತುಂಬ ಹೊತ್ತು ಚಕ್ಕಳಮಕ್ಕಳ ಹಾಕಿ ಕೂತರೆ ಕಾಲು ಜೋಮು ಹಿಡಿಯುತ್ತದಲ್ಲ, ಹಾಗಿತ್ತು. ಮುಟ್ಟಿದರೆ ಗೊತ್ತಾಗುತ್ತದೆ, ಆದರೆ ನನ್ನದಲ್ಲ ಎನಿಸುತ್ತದೆ. ಆಫೀಸಿನಲ್ಲಿ ಕಣ್ಣೆದುರಿಗಿನ ತಪ್ಪುಗಳನ್ನು ಬಿಟ್ಟುಬಿಟ್ಟೆ. ಮ್ಯಾನೇಜರ್ ನಿನಗೇನಾಗಿದೆ ಎಂದು ಕೇಳಿದಾಗ ಏನೂ ಇಲ್ಲ ಎಂದೆ. ಅದು ನಿಜವೇ ಆಗಿತ್ತು.

ಮಗಳು ಕಾಲ್ ವಿಷಯ ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಟೂರ್ನಮೆಂಟ್ ಮುಗಿಯಿತಲ್ಲ, ಸ್ಕ್ಯಾನ್ ಮಾಡಿಸೋಣ ಎಂದರೆ, ಪರೀಕ್ಷೆ ಮುಗಿಯಲಿ ಎನ್ನುವಳು. ಓದುವ ನೆಪದಲ್ಲಿ ಆಟ ಕಡಿಮೆ ಮಾಡಿದ್ದಳು, ನೋವು ಸ್ವಲ್ಪ ತಗ್ಗಿದಂತಿತ್ತು. ತಾನಾಗಿ ವಾಸಿಯಾದೀತು ಎಂದು ಅವಳೂ ನಂಬಿದಳು, ನಾನೂ ನಂಬಿದೆ. ಒಂದು ಮಾತ್ರ ಬದಲಾಯಿತು. ಅವಳು ಕನ್ನಡ ಆಡುವುದನ್ನು ನಿಲ್ಲಿಸಿದಳು. ಮೈದಾನದಲ್ಲೂ.

ಸುದ್ದಿ ಹಬ್ಬಿತು. ಹಬ್ಬಿಸಿದವರು ಯಾರೆಂದು ಹೇಳಬೇಕಾಗಿಲ್ಲ, ಸ್ವೀಟ್ ತಂದವರೇ. ನಮ್ಮ ಕಡೆಯ ಕನ್ನಡ ಸಂಘದ ಅಧ್ಯಕ್ಷರು ಫೋನ್ ಮಾಡಿದರು. “ಮೇಡಂ, ಈ ಸಲ ರಾಜ್ಯೋತ್ಸವಕ್ಕೆ ಮಗಳಿಗೆ ಒಂದು ಸನ್ಮಾನ ಇಟ್ಕೊಂಡಿದೀವಿ. ಹಾಗೇ ನೀವೂ ನಾಲ್ಕು ಮಾತಾಡ್ಬೇಕು. ಮಕ್ಕಳನ್ನ ಕೋಚ್‌ಗಳು ಗುರುತಿಸೋ ಥರ ಮಾಡೋದು ಹೇಗೆ ಅಂತ. ಪೇರೆಂಟ್ಸ್ ಎಲ್ಲಾ ಕೇಳ್ತಿದಾರೆ.” ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುತ್ತೀರಾ, ಅವಳಿನ್ನೂ ವಿಮಾನ ಹತ್ತಿಲ್ಲ ಎಂದು ನನ್ನ ಗಂಡನ ಮೇಲೆ ರೇಗಿದೆ. ಅವರು ಅಷ್ಟರಲ್ಲಿ ಒಪ್ಪಿಕೊಂಡಾಗಿತ್ತು. ಮೈಸೂರು ಪೇಟದ ಅಳತೆ ಸಹ ಕಳಿಸಿಬಿಟ್ಟಿದ್ದರು.

ಒಂದು ಶಾಲೆಯ ಹಾಲ್‌ನಲ್ಲಿ ಕಾರ್ಯಕ್ರಮ. ನಾಡಗೀತೆ, ಮಕ್ಕಳ ಡ್ಯಾನ್ಸು, ಹಿಂದುಗಡೆ ಬಿಸಿಬೇಳೆಬಾತಿನ ಪಾತ್ರೆಗಳು. ಮೈಕಿನ ಮುಂದೆ ನಿಂತು ನಾನು ಹೇಳಬೇಕಾದ್ದನ್ನೆಲ್ಲ ಹೇಳಿದೆ. ಈಮೇಲನ್ನು ಮಕ್ಕಳೇ ಬರೆಯಲಿ, ರೆಸ್ಪೆಕ್ಟೆಡ್ ಮೇಡಂ ಎನ್ನಬೇಡಿ. ಜನ ನಕ್ಕರು, ನನ್ನ ಗಂಡ ಎದ್ದು ನಿಂತು ಕೈಮುಗಿದರು. ಚೆನ್ನಾಗಿ ಆಡಿದ ತುಣುಕು ಮಾತ್ರವಲ್ಲ, ಪೂರ್ತಿ ಆಟದ ವಿಡಿಯೋ ಇಟ್ಟುಕೊಳ್ಳಿ. ಓದಿನ ಅಂಕ ಅವರಿಗೂ ಬೇಕು, ಆದರೆ ಮೊದಲ ಸಾಲಿನಲ್ಲಿ ಬೇಡ. ತಪ್ಪು ಮಾಡಿದಾಗ ಮಕ್ಕಳು ಹೇಗಿರುತ್ತಾರೆ ಎಂದು ಕೋಚ್‌ಗಳು ನೋಡುತ್ತಾರೆ. ಮುಂದಿನ ಸಾಲಿನಲ್ಲಿ ಒಬ್ಬ ಅಮ್ಮ ಎಲ್ಲವನ್ನೂ ಫೋನಿನಲ್ಲಿ ಟೈಪ್ ಮಾಡಿಕೊಳ್ಳುತ್ತಿದ್ದಳು. ಅವಳನ್ನೇ ನೋಡುತ್ತಾ ನಾನು ಹೇಳಿದೆ: “ಇನ್ನೊಂದು. ದಯವಿಟ್ಟು ಮಕ್ಕಳ ಬ್ಯಾಗ್ ಹೊರಬೇಡಿ. ಅದನ್ನೂ ನೋಡ್ತಾರೆ. ನಾನು ಹೊತ್ತು ಬೈಸ್ಕೊಂಡಿದೀನಿ.” ಎಲ್ಲಕ್ಕಿಂತ ಹೆಚ್ಚು ಚಪ್ಪಾಳೆ ಅದಕ್ಕೇ ಬಿತ್ತು. ವೇದಿಕೆಯ ಕುರ್ಚಿಯಲ್ಲಿ ಕೂತಿದ್ದ ಮಗಳೂ ನಕ್ಕಳು. ಇಷ್ಟು ಸರಾಗವಾಗಿ ಸುಳ್ಳು ಹೇಳಲು ಯಾವಾಗ ಕಲಿತೆ ಎಂದು ನನ್ನನ್ನೇ ಕೇಳಿಕೊಂಡೆ, ಹೆಚ್ಚೇನೂ ಆಸಕ್ತಿಯಿಲ್ಲದೆ.

ಆಮೇಲೆ ಸನ್ಮಾನ. ಶಾಲು ಹೊದಿಸಿದರು, ಪೇಟ ತೊಡಿಸಿದರು, ಗಂಧದ ಹಾರ ಹಾಕಿದರು. ಕೊನೆಗೆ ಹಣ್ಣಿನ ಬುಟ್ಟಿ. ನಮ್ಮವರ ಹಣ್ಣಿನ ಬುಟ್ಟಿ ನಿಮಗೆ ಗೊತ್ತಲ್ಲ. ಒಂದು ಅನಾನಸ್ಸು, ಸುತ್ತ ಸೇಬು, ಕಿತ್ತಳೆ, ಮಾವು, ಎಲ್ಲದರ ಮೇಲೆ ಬಿಗಿದ ಪ್ಲಾಸ್ಟಿಕ್ಕು. ಅಧ್ಯಕ್ಷರೂ ಅವರ ಶ್ರೀಮತಿಯವರೂ ಇಬ್ಬರೂ ಸೇರಿ ಎತ್ತಿ ತಂದು ಅವಳ ಎರಡು ಕೈಗೆ ಇಟ್ಟರು. ಇಟ್ಟು ಕೈ ಬಿಟ್ಟರು.

“ಇಲ್ಲಿ ನೋಡಮ್ಮ, ಫೋಟೋ!” ಎಂದರು ಒಬ್ಬರು. “ಇನ್ನೊಂದು! ಕಮಿಟಿಯವರೆಲ್ಲಾ ಬನ್ನಿ!” ಕಮಿಟಿಯವರು ಒಬ್ಬೊಬ್ಬರಾಗಿ ವೇದಿಕೆ ಹತ್ತತೊಡಗಿದರು. ಬುಟ್ಟಿಯ ಎಡಗಡೆ ನಿಧಾನಕ್ಕೆ ತಗ್ಗುತ್ತಿತ್ತು. ಪೇಟದ ಕೆಳಗೆ ಅವಳ ಹಣೆ ಬೆವೆತಿತ್ತು. ಮೈಕಿನ ಪಕ್ಕ ನಿಂತಿದ್ದ ನನ್ನನ್ನು ಅವಳು ನೋಡಿದಳು. ಬಾಯಿ ತೆರೆದಳು, ಮುಚ್ಚಿದಳು. ಇಂಗ್ಲಿಷಿನಲ್ಲಿ ಹೇಳಿದರೆ ಎಲ್ಲರಿಗೂ ತಿಳಿಯುತ್ತದೆ. ಕನ್ನಡದಲ್ಲಿ ಹೇಳಿದರೂ ತಿಳಿಯುತ್ತದೆ. ಆ ಹಾಲ್‌ನಲ್ಲಿ ನಮ್ಮಿಬ್ಬರಿಗೆ ಅಂತ ಒಂದು ಭಾಷೆ ಉಳಿದಿರಲಿಲ್ಲ.

ಹೋಗಿ ತೆಗೆದುಕೊಳ್ಳಬೇಕಿತ್ತು ಎಂದು ನಿಮಗನಿಸಬಹುದು. ಹೋದರೆ ಜನ ನಗುತ್ತಿದ್ದರು ಅಷ್ಟೇ. ಆದರೆ ಸಂಘದವರು ಎಲ್ಲವನ್ನೂ ಇಂಟರ್ನೆಟ್ಟಿನಲ್ಲಿ ಲೈವ್ ಹಾಕುತ್ತಿದ್ದರು, ಅದು ಕೋಚ್ ಕಣ್ಣಿಗೂ ಬೀಳಬಹುದಿತ್ತು, ಅವಳ ಕಣ್ಣು ಬೇಡ ಎನ್ನುತ್ತಿತ್ತೋ ಬಾ ಎನ್ನುತ್ತಿತ್ತೋ ನನಗೆ ತಿಳಿಯಲಿಲ್ಲ. ಮೊದಲಾಗಿದ್ದರೆ ತಿಳಿಯುತ್ತಿತ್ತು. ನಾನು ನಿಂತೇ ಇದ್ದೆ.

ಬುಟ್ಟಿ ಬಿತ್ತು. ಅವಳ ಬಾಯಿಂದ ಒಂದು ಶಬ್ದ ಬಂತು, ಹಣ್ಣುಗಳ ಸದ್ದಿನಲ್ಲಿ ಅದು ಬೇರೆ ಯಾರಿಗೂ ಕೇಳಿಸಲಿಲ್ಲ. ಕಿತ್ತಳೆಗಳು ಉರುಳಿ ಕುರ್ಚಿಗಳ ಕೆಳಗೆ ಹೋದವು, ಚಿಕ್ಕ ಮಕ್ಕಳು ಹಿಡಿಯಲು ಓಡಿದರು. “ಏನಮ್ಮಾ, ಗೋಲ್‌ಕೀಪರ್ ಕೈಯಿಂದಾನೇ ಜಾರಿಹೋಯ್ತಲ್ಲ!” ಎಂದು ಯಾರೋ ಅಂಕಲ್ ಕೂಗಿದರು. ಹಾಲ್ ಪೂರ್ತಿ ನಕ್ಕಿತು. ಅವಳೂ ನಕ್ಕು, ಸಾರಿ ಎಂದಳು. ಎಡಗೈ ಪಕ್ಕಕ್ಕೆ ನೇತಾಡುತ್ತಿತ್ತು.

ಊಟಕ್ಕೆ ನಿಲ್ಲದೆ ನಾವಿಬ್ಬರೂ ಕಾರಿಗೆ ಬಂದೆವು. ನನ್ನ ಗಂಡ ಕುರ್ಚಿ ಜೋಡಿಸಲು ಒಳಗೇ ಉಳಿದಿದ್ದರು. ಮಧ್ಯಾಹ್ನದ ಬಿಸಿಲಿಗೆ ಕಾರಿನೊಳಗೆ ಕಾದ ಪ್ಲಾಸ್ಟಿಕ್ಕಿನ ವಾಸನೆ. ಸೀಟ್ ಬೆಲ್ಟ್ ಎಳೆದುಕೊಳ್ಳಲು ಅವಳಿಗೆ ಆಗಲಿಲ್ಲ. ನಾನೇ ಅವಳ ಮೇಲೆ ಬಗ್ಗಿ ಎಳೆದು ಹಾಕಿದೆ. ಪೇಟ ಇನ್ನೂ ತಲೆಯ ಮೇಲೇ ಇತ್ತು.

“ಆಸ್ಪತ್ರೆಗೆ ಹೋಗೋಣ,” ಎಂದೆ. “ಕೋಚ್‌ಗೂ ಹೇಳ್ಬೇಕು. ಇನ್ನು ಮುಚ್ಚಿಡೋಕಾಗಲ್ಲ.”

ಅವಳು ಮುಂದಿನ ಗಾಜನ್ನು ನೋಡುತ್ತಾ ಇಂಗ್ಲಿಷಿನಲ್ಲಿ ಹೇಳಿದಳು: “ನೀನೇ ಬರೆ. ಮುಚ್ಚಿಡು ಅಂತ ನೀನೇ ಹೇಳಿದೆ ಅಂತ ಬರೆ. ಹೇಗೂ ನೀನು ಅಂಥ ಅಮ್ಮ ಅಂತ ಅವಳು ಅಂದುಕೊಂಡಿದ್ದಾಳೆ.”

ಹದಿನೇಳು ವರ್ಷದ ಹುಡುಗಿ. ಅವಳಿಗೆ ಬೇಕಾಗಿದ್ದ ಒಂದೇ ಒಂದು ವಸ್ತು ಕೈ ಜಾರಿ ಹೋಗುತ್ತಿತ್ತು, ಸಿಕ್ಕಿದ್ದನ್ನು ಹಿಡಿದುಕೊಂಡಳು. ಅದು ನನಗೆ ಅರ್ಥವಾಯಿತು. ಆಗಲಿ ಎನ್ನಲು ನನಗೇನೂ ಕಷ್ಟವಿರಲಿಲ್ಲ, ಬಾಯಿಯ ತುದಿಯಲ್ಲೇ ಇತ್ತು ಆ ಮಾತು.

“ಇಲ್ಲ,” ಎಂದೆ.

ಅವಳು ತಿರುಗಿ ನೋಡಿದಳು.

“ಬರೆಯೋದು ನೀನು. ನಾನು ಪಕ್ಕದಲ್ಲಿ ಕೂತಿರ್ತೀನಿ. ಅಷ್ಟೇ ನನ್ನ ಕೈಲಾಗೋದು.”

ಅವಳು ಅತ್ತಳು. ಬಿದ್ದ ದಿನವೂ ಅಳದವಳು, ಪೇಟ ಹಾಕಿಕೊಂಡು, ಶಾಲಿನ ಜರಿಯಿಂದ ಮೂಗು ಒರೆಸಿಕೊಳ್ಳುತ್ತಾ ಅತ್ತಳು. ನಾನು ಎ.ಸಿ. ಹಾಕಿದೆ. ಸಮಾಧಾನ ಮಾಡಲಿಲ್ಲ, ಮಾಡುವಂಥದ್ದು ಏನೂ ನನ್ನೊಳಗೆ ಇರಲಿಲ್ಲ. ಸ್ವಲ್ಪ ಹೊತ್ತಿಗೆ ಫೋನು ತೆಗೆದು ಬಲಗೈ ಹೆಬ್ಬೆರಳೊಂದರಲ್ಲೇ ಟೈಪ್ ಮಾಡತೊಡಗಿದಳು.

ಆ ಜಾಗ ಹೋಯಿತು. ಕೋಚ್ ಬರೆದ ಉತ್ತರ ಅದೇ ವಾರ ಬಂತು. ಒಳ್ಳೆಯ ಮಾತುಗಳೇ: ಹೇಳಿದ್ದಕ್ಕೆ ಥ್ಯಾಂಕ್ಸ್, ಮೊದಲು ಗುಣವಾಗು, ಈ ಸಲಕ್ಕೆ ಬೇರೆ ಹುಡುಗಿಯನ್ನು ತೆಗೆದುಕೊಳ್ಳುತ್ತಿದ್ದೇವೆ. ಭುಜಕ್ಕೆ ಆಪರೇಷನ್ ಆಯಿತು. ಅವಳು ಈಗ ಇಲ್ಲೇ ಸಿಡ್ನಿಯಲ್ಲಿ ಓದುತ್ತಾಳೆ, ಹಾಕಿಯ ಮಾತು ಬಂದರೆ ಎದ್ದು ಹೋಗುತ್ತಾಳೆ. ಮುಂದೆ ಆಡುತ್ತಾಳೋ ಇಲ್ಲವೋ ನಾನು ಕೇಳಿಲ್ಲ.

ಆದರೆ ಆ ಮಧ್ಯಾಹ್ನ ಇದ್ಯಾವುದೂ ಇನ್ನೂ ಆಗಿರಲಿಲ್ಲ. ಅವಳು ಫೋನನ್ನು ನನ್ನ ಕೈಗೆ ಕೊಟ್ಟಳು. ತಪ್ಪು ಹುಡುಕುವ ಅಭ್ಯಾಸದಲ್ಲೇ ಓದಿದೆ. ಯಾವಾಗ ಬಿದ್ದೆ, ಫಿಸಿಯೋ ಏನು ಹೇಳಿದರು, ಇವತ್ತು ಏನಾಯಿತು, ಎಲ್ಲ ನೇರವಾಗಿ ಬರೆದಿದ್ದಳು. ಕೊನೆಯಲ್ಲಿ ಹೀಗಿತ್ತು: ನಮ್ಮಮ್ಮ ಬ್ಯಾಗು ಹೊತ್ತದ್ದು ನಾನು ಕೇಳಿಕೊಂಡೆ ಅಂತ. ಅವಳು ಅಂಥ ಅಮ್ಮ ಅಲ್ಲ. ಅವತ್ತು ನಿಮ್ಮೆದುರು ಅವಳ ವಿಷಯ ನಾನು ಹೇಳಿದ್ದು ಸುಳ್ಳು, ಅದನ್ನು ಕೇಳಿಸಿಕೊಂಡು ಅವಳು ಸುಮ್ಮನೆ ನಿಂತಿದ್ದಳು.

ಎದೆಯ ಹತ್ತಿರ ಎಲ್ಲೋ ಚುಳ್ಳೆಂದಿತು. ಎಷ್ಟೋ ತಿಂಗಳ ಮೇಲೆ ನನಗೆ ನೋವಾಯಿತು, ತಡೆಯಲಾರದಷ್ಟು ನೋವಾಯಿತು.

“ಈ ಕೊನೇದು ಬೇಡ ಕಣೇ,” ಎಂದೆ. “ಅವರಿಗ್ಯಾಕೆ ಅದೆಲ್ಲಾ. ತೆಗೆದುಬಿಡು.”

“ಕಳ್ಸಾಯ್ತಮ್ಮ,” ಎಂದಳು, ಕನ್ನಡದಲ್ಲಿ.